ಇಬ್ಬರು ಕೂತು ಓದುವ ಶಿಶುಗೀತೆ

ಓದುಗರ ಪತ್ರ: ಮನೆಯಲ್ಲಿ ಈಗ ನಾನು, ನಮ್ಮ ಯಜಮಾನರು ಇಬ್ಬರೇ. ರಾತ್ರಿ ಊಟವಾದ ಮೇಲೆ ಶಿಶುಗೀತೆಗಳನ್ನು ಒಬ್ಬೊಬ್ಬರು ಒಂದೊಂದು ಸಾಲಿನಂತೆ ಜೋರಾಗಿ ಓದುತ್ತೇವೆ. ಎರಡು ಪದ್ಯ ಮುಗಿಯುವಷ್ಟರಲ್ಲಿ ಲಯ ತಪ್ಪಿ, ಪಾಠ ಒಪ್ಪಿಸಿದ ಹಾಗಾಗುತ್ತದೆ. ಏನು ಮಾಡೋಣ?

ಸಂಪಾದಕರ ಉತ್ತರ: ತೊಂದರೆ ನಿಮ್ಮ ದನಿಯಲ್ಲಿಲ್ಲ, ಹಂಚಿಕೊಂಡ ಬಗೆಯಲ್ಲಿದೆ. ಅಚ್ಚಿನ ಸಾಲು ಮುಗಿದಲ್ಲಿ ಮಾತು ಮುಗಿದಿರಬೇಕೆಂದೇನೂ ಇಲ್ಲ. ಒಬ್ಬರು ನಿಲ್ಲಿಸಿ ಇನ್ನೊಬ್ಬರು ಉಸಿರೆಳೆದುಕೊಳ್ಳುವಷ್ಟರಲ್ಲಿ ತಾಳ ಜಾರಿರುತ್ತದೆ. ಸಾಲು ಎಣಿಸದೆ, ಪದ್ಯದಲ್ಲಿ ಯಾರು ಮಾತಾಡುತ್ತಿದ್ದಾರೆ ಎಂದು ನೋಡಿ ಹಂಚಿಕೊಳ್ಳಿ.

ಜಿ.ಪಿ. ರಾಜರತ್ನಂ ಅವರ ನಾಯಿಮರಿಯಿಂದ ಶುರುಮಾಡಿ. ಪ್ರಶ್ನೆ ಒಬ್ಬರದು, ಉತ್ತರ ಇನ್ನೊಬ್ಬರದು. ‘ನಾಯಿ’ ಎಂಬುದಕ್ಕೆ ಮೂರು ಮಾತ್ರೆ (ಒಂದು ಹ್ರಸ್ವಾಕ್ಷರ ನುಡಿಯುವಷ್ಟು ಹೊತ್ತು ಒಂದು ಮಾತ್ರೆ), ‘ಮರಿ’ಗೆ ಎರಡೇ. ‘ರಿ’ಯನ್ನು ಒಂದು ಮಾತ್ರೆ ಎಳೆದರೆ ಹೆಜ್ಜೆ ಕೂಡುತ್ತದೆ. ಉತ್ತರದಲ್ಲಿ ಹಾಗಲ್ಲ: ‘ತಿಂಡಿ’, ‘ಬೇಕು’, ‘ತೀರ್ಥ’ ಎಲ್ಲವೂ ಮೂರು ಮಾತ್ರೆ ತುಂಬಿಕೊಂಡ ಪದಗಳು, ಎಳೆಯಲು ಜಾಗವೇ ಇಲ್ಲ. ಕೇಳುವವರು ಮುದ್ದಿನಿಂದ ಎಳೆಯುತ್ತಾರೆ, ಹಸಿದ ಮರಿ ಗಬಗಬನೆ ಉತ್ತರಿಸುತ್ತದೆ. ಎಂಥ ಚೆಂದದ ಕಟ್ಟಣೆ! ‘ರಿ’ಯನ್ನು ಮೊಟಕು ಮಾಡಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ, ಇಬ್ಬರೂ ಒಂದೇ ಥರ ಕೇಳಿಸುತ್ತೀರಿ. ಮೂರರ ಮೊದಲ ಮಾತ್ರೆಗೆ ತೊಡೆ ತಟ್ಟುತ್ತಿರಿ; ಒಬ್ಬರು ತಟ್ಟಿದರೆ ಸಾಕು.

ಆಮೇಲೆ ಕುವೆಂಪು ಅವರ ಕಿಂದರಿಜೋಗಿಯ ಇಲಿಗಳು. ಸಣ್ಣಿಲಿ, ದೊಡ್ಡಿಲಿ ಎಂದು ಸಾಗುವಲ್ಲಿ ಒಂದೊಂದು ಇಲಿಗೂ ನಾಲ್ಕು ಮಾತ್ರೆ. ಆಚೆಗೊಂದು ಈಚೆಗೊಂದು ಇಲಿ ಹಂಚಿಕೊಳ್ಳಿ. ಇನ್ನೊಬ್ಬರ ಪದ ಮುಗಿದದ್ದು ಕೇಳಿಸಿದ ಮೇಲೆ ಬಾಯಿ ತೆರೆದರೆ ತಡವಾಯಿತೆಂದೇ ಅರ್ಥ. ಅವರು ಹೇಳುತ್ತಿರುವಾಗಲೇ ಉಸಿರೆಳೆದುಕೊಂಡು, ತಟ್ಟಿಗೆ ಸರಿಯಾಗಿ ಶುರುಮಾಡಿ. ಮೊದಲ ಸಲ ನಿಧಾನವಾಗಿ, ಮೂರನೆಯ ಸಲಕ್ಕೆ ವೇಗವಾಗಿ.

ಗೋವಿನ ಹಾಡನ್ನು ಬೇರೆ ರಾತ್ರಿಗೆ ಇಟ್ಟುಕೊಳ್ಳಿ. ಅದರ ನಡೆ ಮೂರು-ನಾಲ್ಕು: ‘ಧರಣಿ’ ಮೂರು, ‘ಮಂಡಲ’ ನಾಲ್ಕು. ಹುಲಿಯ ಜೊತೆಗೂ ಕರುವಿನ ಜೊತೆಗೂ ಮಾತಾಡುವುದು ಪುಣ್ಯಕೋಟಿಯೇ ಆದ್ದರಿಂದ ಒಬ್ಬರು ಅವಳ ಮಾತನ್ನಷ್ಟೇ ಓದಲಿ; ಹುಲಿ, ಕರು, ಕಥೆ ಹೇಳುವ ಭಾಗ ಇನ್ನೊಬ್ಬರಿಗೆ. ಹುಲಿಗೆಂದು ಗಂಟಲು ಬಿಗಿದು ಗುಡುಗಬೇಡಿ, ಅರ್ಧಕ್ಕೇ ದನಿ ಕೂರುತ್ತದೆ. ದನಿ ತಗ್ಗಿಸಿ, ನಿಧಾನಿಸಿದರೆ ಸಾಕು. ಬಾಯಿಗೆ ಬರುವ ರಾಗವನ್ನು ಮೊದಲ ಓದಿನಲ್ಲಿ ಬಿಡಿ. ರಾಗ ಹಿಡಿದರೆ ಹುಲಿಯೂ ಕರುವೂ ಒಂದೇ ಸ್ವರದಲ್ಲಿ ಮಾತಾಡತೊಡಗುತ್ತವೆ.

ಇಬ್ಬರಿಗೆ ಒಂದೇ ಪುಸ್ತಕವಿದ್ದರೆ ಹಾಳೆ ತಿರುವುವಾಗ ತಾಳ ತಪ್ಪುತ್ತದೆ. ಪದ್ಯವನ್ನು ದಪ್ಪಕ್ಷರದಲ್ಲಿ ಎರಡು ಪ್ರತಿ ಬರೆದು, ನಿಮ್ಮ ನಿಮ್ಮ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ. ಮರುದಿನ ಪ್ರತಿಗಳನ್ನು ಅದಲುಬದಲು ಮಾಡಿ ಓದಿ.