ಅವ್ವನ ಜೊತೆ ಕಡಲ ದಂಡೆ ಹಿಡಿದು ನಾಲ್ಕು ದಿನ

ಪ್ರಶ್ನೆ: ನಮಸ್ಕಾರ್ರಿ. ನಾ ಗದಗದಾಗ ಇರ್ತೀನಿ. ನಮ್ಮವ್ವಗ 67 ವರ್ಷ. ಅಪ್ಪ ತೀರಿಕೊಂಡಮ್ಯಾಲ ಆಕಿ ಮನಿ ಬಿಟ್ಟು ಎಲ್ಲೂ ಹೋಗಿಲ್ಲ. ಸಮುದ್ರ ನೋಡಿದ್ದು ಒಂದ ಸಲ, ಮದುವಿ ಆದ ಹೊಸ್ತಾಗ ಅಪ್ಪನ ಕೂಡ ಗೋಕರ್ಣಕ್ಕ ಹೋದಾಗ. ಈಗ ಕಾರ್ ತೊಗೊಂಡೀನಿ, ಅಂಕೋಲಾದಿಂದ ಉಡುಪಿ ತನಕ ಆಕೀನ್ನ ಕರ್ಕೊಂಡು ಆರಾಮಾಗಿ ಹೋಗಬೇಕಂತ ಆಸೆ ಐತಿ. ಮೊಣಕಾಲು ಬ್ಯಾನಿ ಐತಿ, ಶುಗರ್ ಗುಳಿಗಿ ತೊಗೋತಾಳ, ಘಾಟಿನ್ಯಾಗ ವಾಂತಿ ಆಗ್ತೈತಿ. ರಜಾ ನಾಕ ದಿನ. ಮುರುಡೇಶ್ವರ, ಕೊಲ್ಲೂರು, ಸೇಂಟ್ ಮೇರೀಸ್ ದ್ವೀಪ, ಧರ್ಮಸ್ಥಳ ಎಲ್ಲಾ ಆಗ್ತಾವೇನ್ರಿ?
— ಗದಗದ ಓದುಗ

ಉತ್ತರ: ಎಲ್ಲಾ ಆಗಲ್ಲ, ಆಗ್ಬಾರ್ದು ಕೂಡ. ನಾನೂ ನಮ್ಮಪ್ಪನ್ನ ಕರ್ಕೊಂಡು ಇದೇ ರಸ್ತೇಲಿ ಹೋದಾಗ ಮೊದಲನೇ ದಿನ ಒಂದೇ ಸಮ ಐದು ಜಾಗ ತೋರಿಸಿದ್ದೆ, ಸಂಜೆ ರೂಮಿಗೆ ಬಂದಾಗ ಅವರ ಪಾದ ಊದಿ ಚಪ್ಪಲಿ ಪಟ್ಟಿ ಅಚ್ಚು ಕೂತಿತ್ತು, ಒಂದು ಮಾತೂ ಆಡ್ಲಿಲ್ಲ. ಬೆಳಿಗ್ಗೆ ಕಾಫಿ ಕುಡೀತಾ, "ಅಲ್ವೋ, ಆ ಮರವಂತೆ ಕಡಲ ದಂಡೇಲಿ ಒಂದು ಹತ್ತು ನಿಮಿಷ ಕೂರೋಕೆ ಬಿಡ್ಲಿಲ್ವಲ್ಲೋ ನೀನು" ಅಂದ್ರು. ಪ್ಲಾನ್ ಎಲ್ಲಾ ಬಿಟ್ಟು ಗಾಡಿ ತಿರುಗಿಸಿದೆ. ಅವತ್ತು ಒಂದು ಗಂಟೆ ಮೇಲೆ ಕೂತಿದ್ರು, ಪಂಚೆ ಅಂಚು ಉಪ್ಪುನೀರಲ್ಲಿ ನೆಂದಿದ್ದೂ ನೋಡ್ಕೊಳ್ಳಲಿಲ್ಲ. ಅದಕ್ಕೇ ಧರ್ಮಸ್ಥಳ ಈ ಸಲ ಬಿಡಿ, ಅದು ಕಡಲಿಂದ ತುಂಬಾ ಒಳಗೆ. ಸೇಂಟ್ ಮೇರೀಸೂ ಬಿಡಿ, ದೋಣಿ ಹತ್ತಿ ಇಳಿಯೋದು, ಆ ಕಲ್ಲುಗಳ ಮೇಲೆ ನಡಿಯೋದು ಮೊಣಕಾಲು ನೋವಿದ್ದೋರಿಗೆ ಆಗೋ ಕೆಲಸ ಅಲ್ಲ. ಕೊಲ್ಲೂರು ಅಮ್ಮನವರ ಹರಕೆ ಏನಾದ್ರೂ ಇದೆಯಾ ಅಂತ ಅವ್ವನ್ನೇ ಕೇಳಿ, ಇದ್ರೆ ಕುಂದಾಪುರದಿಂದ ಒಂದು ಬೆಳಿಗ್ಗೆ ಹೋಗಿ ಬರ್ಬೋದು.

ಅಂಕೋಲಾದಿಂದ ಉಡುಪಿಗೆ 180 ಕಿಲೋಮೀಟರ್ ಆಸುಪಾಸು. ನಿಮಗೆ ಅಷ್ಟೂ ಬೇಡ, ಕುಂದಾಪುರ ತನಕ ಸಾಕು. ಇನ್ನೊಂದು ವಿಷಯ ಯಾರೂ ಹೇಳಲ್ಲ, ಉತ್ತರದಿಂದ ದಕ್ಷಿಣಕ್ಕೆ ಹೋಗುವಾಗ ಕಡಲು ನಿಮ್ಮ ಬಲಕ್ಕೆ ಇರುತ್ತೆ, ಅಂದ್ರೆ ಡ್ರೈವರ್ ಕಡೆ, ಮಧ್ಯೆ ಡಿವೈಡರ್, ಎದುರಿಂದ ಬರೋ ಲಾರಿಗಳು. ಎಡಗಡೆ ಮುಂದಿನ ಸೀಟಲ್ಲಿ ಕೂತ ಅವ್ವಗೆ ಕಾಣೋದು ಗುಡ್ಡ, ತೋಟ, ಅಂಗಡಿ. ವಾಪಸ್ ಉತ್ತರಕ್ಕೆ ಬರುವಾಗ ಕಡಲು ಅವರ ಕಿಟಕಿಗೇ ಬರುತ್ತೆ, ಗಾಡಿ ನಿಲ್ಲಿಸಿದ್ರೆ ಹೈವೇ ದಾಟೋದೂ ಬೇಡ. ಹಾಗಾಗಿ ಹೋಗೋದು ಸಲೀಸಾಗಿ ಹೋಗಿಬಿಡಿ, ಬರೋದನ್ನ ನಿಧಾನ ಮಾಡಿ.

ಮೊದಲ ದಿನ ಬೆಳಗಿನ ಜಾವ ಗದಗ ಬಿಟ್ಟು ಹುಬ್ಬಳ್ಳಿ, ಯಲ್ಲಾಪುರ. ಅಲ್ಲಿ ಇಳಿದು ಚಹಾ ಕುಡಿದು ಸ್ವಲ್ಪ ಓಡಾಡಿಸಿ, ಆಮೇಲೇ ಅರಬೈಲ್ ಘಾಟ್. ಮುಂದಿನ ಸೀಟು, ಕಿಟಕಿ ಸ್ವಲ್ಪ ತೆಗೆದಿರಲಿ, ಹೊಟ್ಟೆ ತುಂಬಾ ತಿಂದಿರಬಾರದು ಹಾಗಂತ ಶುಗರ್ ಇರೋರು ಖಾಲಿ ಹೊಟ್ಟೇಲೂ ಇರಬಾರದು. ಲಾರಿ ಓವರ್‌ಟೇಕ್ ಮಾಡೋಕೆ ಹೋಗ್ಬೇಡಿ, ತಿರುವಲ್ಲಿ ಬ್ರೇಕು ಎಕ್ಸಿಲರೇಟರು ಒತ್ತೋದ್ರಿಂದಲೇ ಅರ್ಧ ವಾಂತಿ ಬರೋದು. ವಾಂತಿ ಗುಳಿಗೆ ಬೇಕಾದ್ರೆ ಶುಗರ್ ನೋಡೋ ಡಾಕ್ಟರನ್ನೇ ಕೇಳಿ ತಗೊಳ್ಳಿ. ರಾತ್ರಿ ಗೋಕರ್ಣದಲ್ಲಿ ಉಳೀರಿ. ಓಂ ಬೀಚ್ ಬೇಡ, ಮೆಟ್ಟಿಲು ಇಳೀಬೇಕು. ಮಹಾಬಲೇಶ್ವರ ದೇವಸ್ಥಾನದಿಂದ ಹತ್ತು ಹೆಜ್ಜೆ ಹೋದ್ರೆ ಊರಿನ ಕಡಲ ದಂಡೆ, ಅವತ್ತು ನಿಮ್ಮಪ್ಪ ಕರ್ಕೊಂಡು ಹೋಗಿದ್ದೂ ಬಹುಶಃ ಅಲ್ಲಿಗೇ. ಅಲ್ಲಿ ನೀವು ಮಾತಾಡ್ಬೇಡಿ, ಅವರು ಹೇಳಿದ್ರೆ ಕೇಳಿ.

ಎರಡನೇ ದಿನ ಸೀದಾ ಕುಂದಾಪುರ, ಮಧ್ಯಾಹ್ನದೊಳಗೆ ಮುಟ್ಟಿ ಮಲಗಿಸಿ. ನಾಲ್ಕೂವರೆಗೆ ಮರವಂತೆ, ವಾಪಸ್ 18 ಕಿಲೋಮೀಟರ್ ಅಷ್ಟೇ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಮಧ್ಯೆ ರಸ್ತೆ. ಕೊಲ್ಲೂರಿನ ಕಡೆಯಿಂದ ಅಷ್ಟು ದೂರ ಬಂದ ನದಿ ಸಮುದ್ರದ ಹತ್ರ ಇಷ್ಟು ಪಕ್ಕಕ್ಕೆ ಬಂದು, ಸೇರದೆ, ಹಂಗೇ ತಿರುಗಿ ದಂಡೆಗುಂಟ ದಕ್ಷಿಣಕ್ಕೆ ಹೋಗಿ ಗಂಗೊಳ್ಳಿ ಹತ್ರ ಬೇರೆ ನಾಲ್ಕು ನದಿ ಜೊತೆ ಸೇರುತ್ತೆ, ಅದಕ್ಕೇ ಅಲ್ಲಿ ಪಂಚಗಂಗಾವಳಿ ಅಂತ ಹೆಸರು. ಈ ಕಡೆ ಅಲೆ ಕಲ್ಲಿಗೆ ಬಡಿಯೋ ಸದ್ದು, ಆ ಕಡೆ ನೀರು ಕನ್ನಡಿ ಥರ ಅಲ್ಲಾಡದೆ ನಿಂತಿರುತ್ತೆ, ತೆಂಗಿನ ಮರದ ನೆರಳು ಅದರಲ್ಲಿ ಉದ್ದಕ್ಕೆ ಮಲಗಿರುತ್ತೆ. ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಬನ್ನಿ, ಮಡಚೋ ಸ್ಟೂಲ್ ಬೇಡ, ಮೊಣಕಾಲು ನೋವಿದ್ದೋರಿಗೆ ಅಷ್ಟು ತಗ್ಗಲ್ಲಿ ಕೂತ್ರೆ ಏಳೋದೇ ಕಷ್ಟ. ಒಣ ಮರಳಲ್ಲಿ ಕಾಲು ಹೂತು ನೋವು ಜಾಸ್ತಿ ಆಗುತ್ತೆ, ನೀರು ಇಳಿದ ಗಟ್ಟಿ ಮರಳಲ್ಲಿ ಪರವಾಗಿಲ್ಲ, ಆದ್ರೆ ಮರವಂತೇಲಿ ಕಲ್ಲು ಜಾಸ್ತಿ, ಅಲ್ಲಿ ಮೇಲೆ ಕೂತು ನೋಡಿದ್ರೇನೇ ಚೆಂದ. ನಾಲ್ಕು ಲೇನ್ ಆದ ಮೇಲೆ ಗಾಡಿಗಳು ಬಹಳ ಜೋರು, ಕಾರು ಪೂರ್ತಿ ಪಕ್ಕಕ್ಕೆ ಹಾಕಿ.

ಮೂರನೇ ದಿನ ನಿಧಾನಕ್ಕೆ ಉತ್ತರಕ್ಕೆ. ಮುರುಡೇಶ್ವರದಲ್ಲಿ 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ, ಹತ್ತೋ ಕಷ್ಟ ಇಲ್ಲದೆ ಮೇಲಿನ ಕಿಟಕಿಯಿಂದ 123 ಅಡಿ ಶಿವನೂ ಮೂರು ದಿಕ್ಕಿನ ಕಡಲೂ ಕಾಣುತ್ತೆ. ಆಮೇಲೆ ಹೊನ್ನಾವರದ ಹತ್ರ ಕಾಸರಕೋಡು ಬೀಚ್, 2020ರಲ್ಲಿ ಚೊಕ್ಕ ಬೀಚುಗಳಿಗೆ ಕೊಡೋ ಬ್ಲೂ ಫ್ಲ್ಯಾಗ್ ಅನ್ನೋ ಗುರುತು ಸಿಕ್ಕಿದ ಜಾಗ, ಆ ಗುರುತಿಗೆ ಟಾಯ್ಲೆಟ್ ಚೊಕ್ಕ ಇರಲೇಬೇಕು. ದಾರಿಯಲ್ಲಿ ಹೆಂಗಸರು ನೀರೇ ಕುಡಿಯದೆ ಕೂತಿರೋದು ಇದೇ ಭಯಕ್ಕೆ, ನಿಮ್ಮವ್ವ ಬಾಯಿಬಿಟ್ಟು ಹೇಳಲಿಕ್ಕಿಲ್ಲ, ನೀವೇ ಗಂಟೆ ಗಂಟೆಗೆ ಒಳ್ಳೆ ಹೋಟೆಲ್ ನೋಡಿ ನಿಲ್ಲಿಸಿ. ರಾತ್ರಿ ಹೊನ್ನಾವರದಲ್ಲೇ ಉಳೀರಿ.

ಊಟ: ಕುಚಲಕ್ಕಿ ಅನ್ನ, ಬೆಲ್ಲ ಹಾಕಿದ ಸಾಂಬಾರು ನಿಮ್ಮ ಕಡೆಯವರಿಗೆ ಎರಡನೇ ಹೊತ್ತಿಗೇ ಸಾಕನಿಸುತ್ತೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ನೀರ್ ದೋಸೆ ಮಾತ್ರ ಬಿಸಿ ಬಿಸಿ ತಿನ್ನಿಸಿ. ಬನ್ಸ್ ಅಂದ್ರೆ ಅಲ್ಲಿ ಬಾಳೆಹಣ್ಣು ಹಾಕಿದ ದಪ್ಪ ಪೂರಿ, ಸಿಹಿ ಇರುತ್ತೆ, ಅರ್ಧ ಸಾಕು.

ಯಾವಾಗ ಅಂದ್ರೆ ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್, ಮೇನಲ್ಲಿ ಕುಮಟಾ ಹತ್ರ ರಸ್ತೆ ಬದಿ ಸಿಹಿ ಈರುಳ್ಳಿ ಗೊಂಚಲು ಜೋತುಬಿಟ್ಟಿರ್ತಾರೆ, ಅಂಕೋಲಾದ ಕರಿ ಇಶಾಡ ಮಾವೂ ಬಂದಿರುತ್ತೆ, ಆದ್ರೆ ಆ ಬೆವರು ಅವ್ವಗೆ ತಡೆಯಲ್ಲ. ಮಳೆಗಾಲದಲ್ಲಿ ಖಂಡಿತ ಬೇಡ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದು ಇದೇ ಹೈವೇ ಮೇಲೆ ಬಿತ್ತು, ರಸ್ತೆ ಪಕ್ಕ ಚಹಾದಂಗಡಿ ಇಟ್ಕೊಂಡಿದ್ದ ಒಂದು ಸಂಸಾರವೇ ಹೋಯ್ತು. ನಾನು ಈಗಲೂ ಅಲ್ಲಿ ದಾಟುವಾಗ ಹಾಡು ಬಂದ್ ಮಾಡ್ತೀನಿ.

ನಾಲ್ಕನೇ ದಿನ ಮಧ್ಯಾಹ್ನದ ಊಟ ಅಂಕೋಲಾದಲ್ಲಿ ಮುಗಿಸಿ, ಬೆಳಕಿರುವಾಗಲೇ ಘಾಟ್ ಹತ್ತಿಬಿಡಿ. ಹತ್ತೋ ಮುಂಚೆ ಅವ್ವ ಇನ್ನೊಂದು ಸಲ ಸಮುದ್ರ ನೋಡೋಣ ಅಂದ್ರೆ ಗದಗಕ್ಕೆ ರಾತ್ರಿ ತಡ ಆದ್ರೂ ಚಿಂತೆ ಇಲ್ಲ, ಇನ್ನೊಂದು ದಿನ ರಜಾ ಹಾಕಿ ಅಲ್ಲೇ ಉಳಿದ್ರಂತೂ ಇನ್ನೂ ಒಳ್ಳೇದು.