ಗಾಳಿಯಂತ್ರ ಬಂತು ಸರಿ, ಚಿಮಣಿ ಹೋಯಿತಾ?

ಪ್ರಶ್ನೆ: ಶ್ರೀಮಂತ ದೇಶಗಳಲ್ಲಿ ಸೋಲಾರ್, ಗಾಳಿ ವಿದ್ಯುತ್ತಿನ ಹೊಸ ತಂತ್ರಜ್ಞಾನ ಬೆಳೆದಷ್ಟೂ ಪರಿಸರ ಹಾನಿ ಇಳಿಯುತ್ತದೆ ಎಂದು ಒಂದು ಅಧ್ಯಯನದ ಬಗ್ಗೆ ಓದಿದೆ. ಇನ್ನೊಂದರಲ್ಲಿ ಅಂಥ ಪರಿಣಾಮವೇನೂ ಕಾಣಲಿಲ್ಲ ಎಂದಿತ್ತು. ಯಾವುದನ್ನು ನಂಬಲಿ?

ಉತ್ತರ: ಎರಡೂ ಸುಳ್ಳಲ್ಲ. ಇಬ್ಬರೂ ಅಳೆದದ್ದು ಬೇರೆ ಬೇರೆ, ಅಷ್ಟೇ. ಇಂಥ ಅಧ್ಯಯನಗಳಲ್ಲಿ 'ಹೊಸ ತಂತ್ರಜ್ಞಾನ' ಎಂದರೆ ಬಹಳ ಸಲ ಪೇಟೆಂಟುಗಳ ಎಣಿಕೆ, ಇಲ್ಲವೇ ಸಂಶೋಧನೆಗೆ ಸರ್ಕಾರ ಇಟ್ಟ ಹಣ. 'ಹಾನಿ' ಎಂದರೆ ಕೆಲವರಿಗೆ ಕಾರ್ಬನ್ ಡೈಆಕ್ಸೈಡ್ ಮಾತ್ರ. ಇನ್ನು ಕೆಲವರು ಹೊಲ, ಕಾಡು, ಹುಲ್ಲುಗಾವಲು, ಮೀನು, ಕಟ್ಟಡಕ್ಕೆ ಹೋದ ನೆಲ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಸೋಲಾರ್ ಪ್ಯಾನೆಲ್ ಎಷ್ಟೇ ಚೆನ್ನಾಗಿದ್ದರೂ ಸಮುದ್ರದ ಮೀನನ್ನು ಉಳಿಸಲಾರದು. ಹಾಗಾಗಿ ಎರಡನೇ ಥರದ ಲೆಕ್ಕದಲ್ಲಿ ಪರಿಣಾಮ ಮಂಕಾಗಿ ಕಂಡರೆ ಆಶ್ಚರ್ಯವಿಲ್ಲ.

ಇನ್ನೊಂದು ಕಾರಣ ಸಮಯ. ಸಿಲಿಕಾನ್ ಸೋಲಾರ್ ಸೆಲ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ತಯಾರಾದದ್ದು 1954ರಲ್ಲಿ. ಬಿದ್ದ ಬಿಸಿಲಿನಲ್ಲಿ ಶೇ 6ರಷ್ಟನ್ನು ಅದು ಕರೆಂಟು ಮಾಡುತ್ತಿತ್ತು. ಮನೆಗಳ ಮೇಲೆ ಪ್ಯಾನೆಲ್‌ಗಳು ದಂಡಿಯಾಗಿ ಕಂಡದ್ದು ಜರ್ಮನಿ 2000ರಲ್ಲಿ ಒಂದು ಕಾನೂನು ತಂದ ಮೇಲೆ. ಬಿಸಿಲಿನ ಕರೆಂಟನ್ನು 20 ವರ್ಷ ಗೊತ್ತುಮಾಡಿದ ದರಕ್ಕೆ ಕೊಳ್ಳುತ್ತೇವೆ ಎಂದು ಅದು ಭರವಸೆ ಕೊಟ್ಟಿತು. ನಡುವೆ ಹೆಚ್ಚುಕಡಿಮೆ ಅರ್ಧ ಶತಮಾನ ಕಳೆದಿತ್ತು. ಈ ವರ್ಷದ ಪೇಟೆಂಟನ್ನೂ ಈ ವರ್ಷದ ಹೊಗೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏನು ತಾನೇ ಕಾಣುತ್ತದೆ?

ನಾನು ನೋಡುವುದು ಒಂದನ್ನೇ. ಹೊಸದು ಬಂದಾಗ ಹಳೆಯದು ಮುಚ್ಚಿತಾ?

ಬ್ರಿಟನ್ನಿನಲ್ಲಿ ಮುಚ್ಚಿತು. 1882ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲಿನಿಂದ ಊರಿಗೆ ಕರೆಂಟು ಕೊಡಲು ಶುರು ಮಾಡಿದ ದೇಶ ಅದು. 2012ರಲ್ಲಿ ಕೂಡ ಅಲ್ಲಿನ ಕರೆಂಟಿನಲ್ಲಿ ಸುಮಾರು ಶೇ 40 ಕಲ್ಲಿದ್ದಲಿನದೇ. 2024ರ ಸೆಪ್ಟೆಂಬರ್ 30ರಂದು ರ‍್ಯಾಟ್‌ಕ್ಲಿಫ್ ಸ್ಥಾವರ ನಿಂತಿತು. ಎಂಟು ದೈತ್ಯ ಕೂಲಿಂಗ್ ಟವರ್‌ಗಳಿದ್ದ, ಸುಮಾರು 2,000 ಮೆಗಾವ್ಯಾಟ್‌ನ ಆ ಸ್ಥಾವರವೇ ಕೊನೆಯದು. ಹನ್ನೆರಡು ವರ್ಷದಲ್ಲಿ ಶೇ 40ರಿಂದ ಸೊನ್ನೆಗೆ!

ಇದು ಬರೀ ಗಾಳಿಯಂತ್ರದ ಪವಾಡ ಎಂದುಕೊಳ್ಳಬೇಡಿ. 2013ರಲ್ಲಿ ಬ್ರಿಟನ್ ಸರ್ಕಾರ ವಿದ್ಯುತ್ ಸ್ಥಾವರಗಳು ಉಗುಳುವ ಕಾರ್ಬನ್ನಿಗೆ ಕನಿಷ್ಠ ಬೆಲೆ ಕಟ್ಟಿತು. ಕಲ್ಲಿದ್ದಲು ಸುಡುವುದು ನಷ್ಟದ ಬಾಬತ್ತಾಯಿತು. ಆ ಜಾಗವನ್ನು ಮೊದಲು ತುಂಬಿದ್ದು ಹೆಚ್ಚಾಗಿ ಗ್ಯಾಸ್. ಜೊತೆಗೆ ಸಮುದ್ರದ ಗಾಳಿ ವಿದ್ಯುತ್ ಬೆಳೆಯಿತು. ಅದೇ ಹೊತ್ತಿಗೆ ಜನರ ಕರೆಂಟು ಬಳಕೆಯೂ ಸ್ವಲ್ಪ ತಗ್ಗಿತು. ಹೊಸ ಯಂತ್ರ ಸಿದ್ಧವಾಗಿತ್ತು, ಹಳೆಯದಕ್ಕೆ ದಂಡವೂ ಬಿತ್ತು. ಎರಡೂ ಸೇರಿದ್ದರಿಂದ ಕೆಲಸ ಆಯಿತು.

ಜರ್ಮನಿಯದು ಬೇರೆ ಕಥೆ. ಸೋಲಾರ್ ಅಗ್ಗವಾಗಲು ಆ ದೇಶ ಸುರಿದ ಹಣಕ್ಕೆ ಇಡೀ ಜಗತ್ತೇ ಋಣಿ. 2023ರಲ್ಲಿ ಅಲ್ಲಿ ಬಳಕೆಯಾದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ನವೀಕರಿಸಬಹುದಾದ ಮೂಲಗಳದು. ಅದೇ ವರ್ಷ ಜನವರಿಯಲ್ಲಿ ಗಾರ್ಜ್‌ವೈಲರ್ ಎಂಬ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿ ದೊಡ್ಡದಾಗಬೇಕು ಎಂದು ಲುಟ್ಸೆರಾಥ್ ಎಂಬ ಹಳ್ಳಿಯನ್ನು ಪೊಲೀಸರು ಖಾಲಿ ಮಾಡಿಸಿದರು. ಗಣಿಯ ಬಾಯಿಗೆ ಅಡ್ಡ ಬರುತ್ತವೆ ಎಂದು ಪಕ್ಕದಲ್ಲಿದ್ದ ಗಾಳಿಯಂತ್ರಗಳನ್ನೇ ಬಿಚ್ಚಿಹಾಕಿದರು! ಹಳೆಯ ಯಂತ್ರಗಳು, ಅವುಗಳ ಕಾಲ ಹೇಗೂ ಮುಗಿಯುತ್ತಾ ಬಂದಿತ್ತು ಎನ್ನಬಹುದು. ಆದರೂ ಆ ದೃಶ್ಯ ನನ್ನ ಕಣ್ಣಿಂದ ಹೋಗುವುದಿಲ್ಲ. ಕಲ್ಲಿದ್ದಲಿಗಿಂತ ಮೊದಲು, 2023ರ ಏಪ್ರಿಲ್‌ನಲ್ಲಿ, ಅವರು ಮುಚ್ಚಿದ್ದು ಕೊನೆಯ ಮೂರು ಅಣು ಸ್ಥಾವರಗಳನ್ನು. ಹೊಸ ಕರೆಂಟಿನ ಒಂದು ಪಾಲು ಹೊಗೆಯಿಲ್ಲದ ಇನ್ನೊಂದು ಕರೆಂಟಿನ ಜಾಗ ತುಂಬುವುದಕ್ಕೇ ಹೋಯಿತು.

ಪ್ರಶ್ನೆ: ಪ್ಯಾನೆಲ್ ಮಾಡಲು ಬೇಕಾದ ಕರೆಂಟು, ಗಣಿಗಾರಿಕೆ, ಕೊನೆಗೆ ಉಳಿಯುವ ಕಸ ಎಲ್ಲ ಸೇರಿಸಿದರೆ ಲಾಭ ಉಳಿಯುತ್ತದಾ? ಸುಮ್ನೆ ಹಸಿರು ಬಣ್ಣ ಬಳಿದಂತೆ ಅಲ್ವಾ?

ಉತ್ತರ: ಇಲ್ಲ, ಲಾಭ ಉಳಿಯುತ್ತದೆ. ಅದೂ ಸಣ್ಣ ಅಂತರದ್ದಲ್ಲ. ಗಣಿಯಿಂದ ಹಿಡಿದು ಕಸದವರೆಗೆ ಎಲ್ಲ ಸೇರಿಸಿ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ 2014ರಲ್ಲಿ ಕೊಟ್ಟ ನಡುಮಟ್ಟದ ಅಂದಾಜು ಹೀಗಿದೆ. ಒಂದು ಯೂನಿಟ್ ಕರೆಂಟಿಗೆ ಕಲ್ಲಿದ್ದಲು 820 ಗ್ರಾಂ ಕಾರ್ಬನ್ ಡೈಆಕ್ಸೈಡಿಗೆ ಸಮನಾದ ಅನಿಲ ಬಿಡುತ್ತದೆ. ಗ್ಯಾಸ್ 490. ದೊಡ್ಡ ಸೋಲಾರ್ ಸ್ಥಾವರ 48. ನೆಲದ ಮೇಲಿನ ಗಾಳಿಯಂತ್ರ 11.

ಹೊಸ ತಂತ್ರಜ್ಞಾನದ ನಿಜವಾದ ಕೈಚಳಕ ಕಾಣುವುದು ಪ್ಯಾನೆಲ್ ಕಾರ್ಖಾನೆಯ ಒಳಗೆ. ಸಿಲಿಕಾನನ್ನು ಶುದ್ಧ ಮಾಡಲು ವಿಪರೀತ ಕರೆಂಟು ಬೇಕು. ಹಾಗೆ ಕಷ್ಟಪಟ್ಟು ಮಾಡಿದ ಗಟ್ಟಿಯನ್ನು ಬ್ರೆಡ್ ಕತ್ತರಿಸಿದಂತೆ ತೆಳ್ಳಗೆ ಸೀಳಬೇಕು. ಮೊದಲೆಲ್ಲ ಮರಳಿನಂಥ ಪುಡಿ ಕಲಸಿದ ದ್ರವ ಹಾಕಿ ಉಕ್ಕಿನ ತಂತಿಯಲ್ಲಿ ಸೀಳುತ್ತಿದ್ದರು. ತಂತಿ ಹಾದ ಜಾಗದ ಸಿಲಿಕಾನ್ ಪುಡಿಯಾಗಿ ಹೋಗುತ್ತಿತ್ತು, ಅರ್ಧದ ಹತ್ತಿರ ನಷ್ಟ. ಮರ ಕೊಯ್ಯುವಾಗ ಹೊಟ್ಟು ಹೋಗುವುದಿಲ್ಲವೇ, ಹಾಗೆ. ಆಮೇಲೆ ವಜ್ರದ ಹರಳು ಕೂರಿಸಿದ, ಇನ್ನೂ ಸಣ್ಣ ತಂತಿ ಬಂತು. ಬಿಲ್ಲೆಗಳು ತೆಳ್ಳಗಾದವು, ಹೊಟ್ಟು ಕಡಿಮೆಯಾಯಿತು, ಸೆಲ್ಲಿನ ದಕ್ಷತೆಯೂ ಏರಿತು. ಎರಡು ದಶಕದ ಹಿಂದೆ ಒಂದು ವ್ಯಾಟ್ ಪ್ಯಾನೆಲ್‌ಗೆ ಸುಮಾರು 16 ಗ್ರಾಂ ಸಿಲಿಕಾನ್ ಬೇಕಿತ್ತು. ಈಗ 2 ಗ್ರಾಂ ಆಸುಪಾಸು ಸಾಕು. ಇದು ಪೇಪರಿನಲ್ಲಿ ದೊಡ್ಡಕ್ಷರದ ಸುದ್ದಿಯಾಗುವಂಥದ್ದಲ್ಲ. ಆದರೆ ಹಾನಿ ಕಡಿಮೆಯಾಗುವುದು ಹೆಚ್ಚಾಗಿ ಇಂಥ ಸಣ್ಣ ಕೆಲಸಗಳಿಂದಲೇ.

ಕಸದ ವಿಷಯ ಮುಗಿದಿಲ್ಲ. ಗಾಳಿಯಂತ್ರದ ಉಕ್ಕು, ತಾಮ್ರ ಮತ್ತೆ ಬಳಕೆಗೆ ಬರುತ್ತವೆ. ರೆಕ್ಕೆಯದೇ ತಲೆನೋವು. ಗಾಜಿನ ಎಳೆಗಳನ್ನು ರಾಳದಲ್ಲಿ ಅಂಟಿಸಿ ಮಾಡಿದ್ದು, ಬಿಡಿಸುವುದು ಬಹಳ ಕಷ್ಟ. ಎಷ್ಟೋ ಕಡೆ ತುಂಡು ಮಾಡಿ ಹೂಳುತ್ತಾರೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ನೆಲದಡಿಯ ಉಪ್ಪುನೀರನ್ನು ಎತ್ತಿ ಬಿಸಿಲಿಗೆ ಆರಿಸುತ್ತಾರೆ. ಮೊದಲೇ ನೀರಿಲ್ಲದ ಜಾಗ ಅದು. ಈ ಹಾನಿ ಕಾರು ಓಡುವ ದೇಶದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ: ಅಂದರೆ ಶ್ರೀಮಂತ ದೇಶಗಳು ತಮ್ಮ ಕೊಳೆಯನ್ನು ಪಕ್ಕದ ಮನೆ ಅಂಗಳಕ್ಕೆ ಗುಡಿಸಿ, ತಾವು ಚೊಕ್ಕ ಎನ್ನುತ್ತಿವೆ. ಹೌದಾ?

ಉತ್ತರ: ಒಂದಷ್ಟು ಹೌದು, ಪೂರ್ತಿ ಅಲ್ಲ. ಪ್ಯಾನೆಲ್‌ನ ಪ್ರತಿ ಹಂತದ ತಯಾರಿಯಲ್ಲೂ ಶೇ 80ಕ್ಕಿಂತ ಜಾಸ್ತಿ ಚೀನಾದಲ್ಲಿ ನಡೆಯುತ್ತದೆ, ಹೆಚ್ಚಾಗಿ ಕಲ್ಲಿದ್ದಲಿನ ಕರೆಂಟಿನಿಂದ. ಆ ಹೊಗೆ ಚೀನಾದ ಖಾತೆಗೆ, ಬಿಸಿಲಿನ ಕರೆಂಟು ಕೊಂಡವರ ಖಾತೆಗೆ. ಉಕ್ಕು, ಬಟ್ಟೆ, ಫೋನು, ಎಲ್ಲದರದ್ದೂ ಇದೇ ಪಾಡು. ಬ್ರಿಟನ್ ಸರ್ಕಾರ ಎರಡು ಲೆಕ್ಕ ಪ್ರಕಟಿಸುತ್ತದೆ. ದೇಶದೊಳಗೆ ಎದ್ದ ಹೊಗೆಯದೊಂದು, ಆಮದು ಸರಕಿನ ಹೊಗೆಯೂ ಸೇರಿದ್ದು ಇನ್ನೊಂದು. 1990ರಿಂದೀಚೆಗೆ ಮೊದಲನೆಯದು ಸುಮಾರು ಅರ್ಧಕ್ಕೆ ಇಳಿದಿದೆ. ಎರಡನೆಯದೂ ಇಳಿದಿದೆ, ಆದರೆ ಅಷ್ಟಿಲ್ಲ. ಅಂದರೆ ಇಳಿಕೆ ನಿಜ, ಡಂಗುರ ಸಾರಿದಷ್ಟು ಮಾತ್ರ ಅಲ್ಲ. ಈ ಅಂತರ ಗೊತ್ತಿದ್ದೇ ಯುರೋಪಿಯನ್ ಒಕ್ಕೂಟ ಆಮದಾಗುವ ಉಕ್ಕು, ಸಿಮೆಂಟು, ಅಲ್ಯೂಮಿನಿಯಂನಂಥ ಸರಕಿನ ಮೇಲೆ ಗಡಿಯಲ್ಲೇ ಕಾರ್ಬನ್ ಶುಲ್ಕ ಹಾಕುವ ವ್ಯವಸ್ಥೆ ತಂದಿದೆ. 2023ರ ಅಕ್ಟೋಬರ್‌ನಿಂದ ಬರೀ ಲೆಕ್ಕ ಕೊಡಬೇಕಿತ್ತು, 2026ರಿಂದ ದುಡ್ಡು.

ನಾರ್ವೆ ಇನ್ನೂ ಸೊಗಸಾದ ಉದಾಹರಣೆ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಿರಹತ್ತಿರ ಶೇ 89 ಎಲೆಕ್ಟ್ರಿಕ್. ಕರೆಂಟು ಬಹುತೇಕ ಜಲವಿದ್ಯುತ್. ದೇಶದ ಸಂಪತ್ತು ಬಂದದ್ದು ಮಾತ್ರ ಸಮುದ್ರದಡಿಯ ತೈಲ, ಗ್ಯಾಸ್ ಮಾರಿ. ಅದನ್ನು ಸುಟ್ಟ ಹೊಗೆ ಕೊಂಡವರ ಲೆಕ್ಕಕ್ಕೆ.

ಪ್ರಶ್ನೆ: ಮರ ಸುಟ್ಟು ಮಾಡುವ ಕರೆಂಟೂ ನವೀಕರಿಸಬಹುದಾದದ್ದೇ?

ಉತ್ತರ: ಕಾನೂನಿನ ಪ್ರಕಾರ ಹೌದು. ಇಂಗ್ಲೆಂಡಿನ ಡ್ರಾಕ್ಸ್ ಸ್ಥಾವರ ಅಮೆರಿಕ, ಕೆನಡಾದಿಂದ ಹಡಗಿನಲ್ಲಿ ಬರುವ ಮರದ ಗುಳಿಗೆ ಸುಡುತ್ತದೆ. ಮರ ಮತ್ತೆ ಬೆಳೆಯುತ್ತದೆ ಎಂಬ ನೆಪದಲ್ಲಿ ಚಿಮಣಿಯ ಹೊಗೆಯನ್ನು ಸೊನ್ನೆ ಎಂದೇ ಎಣಿಸುತ್ತಾರೆ. ಬೆಳೆಯಲು ದಶಕಗಳು ಬೇಕು. ಅಧ್ಯಯನಗಳು 'ನವೀಕರಿಸಬಹುದಾದ' ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದಾಗ ಇದೂ ಅದರೊಳಗೆ ಇರುತ್ತದೆ.

ಪ್ರಶ್ನೆ: ಕರೆಂಟು ಅಗ್ಗವಾದರೆ ಜನ ಇನ್ನೂ ಜಾಸ್ತಿ ಬಳಸುವುದಿಲ್ಲವೇ?

ಉತ್ತರ: ಬಳಸುತ್ತಾರೆ. ಉಗಿಯಂತ್ರ ಸುಧಾರಿಸಿದಂತೆ ಕಲ್ಲಿದ್ದಲಿನ ಬಳಕೆ ಇಳಿಯುವ ಬದಲು ಏರಿತು ಎಂದು ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲೇ ಬರೆದಿದ್ದರು. ಆದರೆ ಈಗ ಬಳಕೆ ಎಲ್ಲಿ ಏರುತ್ತಿದೆ ಎಂಬುದನ್ನೂ ನೋಡಬೇಕು. ಜಗತ್ತಿನ ಮನೆ, ಕಾರ್ಖಾನೆ, ವಾಹನಗಳು ಬಳಸುವ ಒಟ್ಟು ಶಕ್ತಿಯಲ್ಲಿ ಕರೆಂಟಿನ ಪಾಲು ಐದನೇ ಒಂದರಷ್ಟು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಪೆಟ್ರೋಲು, ಡೀಸೆಲ್, ಗ್ಯಾಸು, ಕುಲುಮೆಯ ಕಲ್ಲಿದ್ದಲು. ಏರಿದ ಕರೆಂಟು ಪೆಟ್ರೋಲ್ ಕಾರಿನ ಬದಲು ಎಲೆಕ್ಟ್ರಿಕ್ ಕಾರಿಗೆ, ಮನೆ ಬಿಸಿ ಮಾಡುವ ಗ್ಯಾಸ್ ಬಾಯ್ಲರಿನ ಬದಲು ಅದೇ ಕೆಲಸವನ್ನು ಕರೆಂಟಿನಲ್ಲಿ ಮಾಡುವ ಹೀಟ್ ಪಂಪಿಗೆ ಹೋದರೆ ನನಗೆ ತಕರಾರಿಲ್ಲ. ಮೂರನೇ ಕಾರಿಗೋ, ಹೊಸ ಡೇಟಾ ಸೆಂಟರಿಗೋ ಹೋದರೆ ಮತ್ತದೇ ಪ್ರಶ್ನೆ, ಅದಕ್ಕೆ ಬದಲಾಗಿ ಯಾವ ಚಿಮಣಿ ಮುಚ್ಚಿತು?