ಮನೆಯಲ್ಲಿರೋ ಕೀಟನಾಶಕ, ಫಿನೈಲ್, ಇಲಿ ಪಾಷಾಣ ಇಂಥವನ್ನ ಗುರುತಿಸೋದು ಮಕ್ಕಳಿಗೆ ಹೇಗೆ ಕಲಿಸೋದು?

ಬೆಂಗಳೂರು ಬಿಟ್ಟು ಶಿಡ್ಲಘಟ್ಟದ ಕಡೆ ಅತ್ತೆ ಮನೆಗೆ ಬಂದಿದ್ದೀರಿ, ಮನೇಲಿ ರೇಷ್ಮೆ, ಟೊಮೆಟೊ ಎರಡೂ ಇದೆ, ಮೂರು ವರ್ಷದ ಮಗಳಿಗೂ ಎಂಟು ವರ್ಷದ ಮಗನಿಗೂ ಯಾವುದು ವಿಷ ಅಂತ ಹೇಗೆ ಹೇಳಿಕೊಡೋದು ಅಂತ ಕೇಳಿದ್ದೀರಿ. ನಾನು ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಟೀಚರ್. ನಮ್ಮ ಮನೇಲೂ ಹುಳು ಸಾಕ್ತೀವಿ.

ಮಗನಿಗೆ ಖಂಡಿತ ಕಲಿಸಿ. ಮಗಳ ವಿಷಯದಲ್ಲಿ ಆ ಆಸೆ ಬಿಟ್ಟುಬಿಡಿ. ಆ ವಯಸ್ಸಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತೆ. 1971ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯವರು ವಿಷದ ಡಬ್ಬಿಗಳಿಗೆ ಅಂಟಿಸೋಕೆ ಅಂತ ನಾಲಿಗೆ ಚಾಚಿದ ಹಸಿರು ಮುಖದ ಸ್ಟಿಕ್ಕರ್ ಮಾಡಿದ್ರು. ಆಮೇಲೆ ಪರೀಕ್ಷೆ ಮಾಡಿ ನೋಡಿದ್ರೆ ಪುಟಾಣಿಗಳು ಅದಕ್ಕೆ ಹೆದರಲೇ ಇಲ್ಲ. ಹಾಗಾಗಿ ಮಗಳಿಗೆ ಇರೋದು ಒಂದೇ ಉಪಾಯ, ಬೀಗ. ಅಟ್ಟದ ಮೇಲೆ ಇಟ್ಟಿದ್ದೀವಿ ಅಂದ್ರೆ ಸಾಲದು, ಕುರ್ಚಿ ಎಳ್ಕೊಂಡು ಹತ್ತೋ ವಯಸ್ಸದು. ಹೊಲದ ಔಷಧಿಗಳಿಗೆ ಮನೆಯಿಂದಾಚೆ ಬೀಗ ಹಾಕೋ ಒಂದು ಟ್ರಂಕ್ ಇರಲಿ. ಹುಳು ಮನೆಯಿಂದಲೂ ದೂರ ಇರಲಿ ಅಂತ ನಿಮ್ಮ ಮಾವನವರಿಗೆ ನೀವು ಹೇಳಬೇಕಾಗಿಲ್ಲ, ಹುಳು ಇರೋ ಕಡೆ ಕೀಟನಾಶಕದ ವಾಸನೆ ಕೂಡ ಸುಳಿಯೋಕೆ ಈ ಕಡೆ ಯಾರೂ ಬಿಡಲ್ಲ. ಆ ಜಾಗ್ರತೆಯಲ್ಲಿ ಅರ್ಧ ಮಕ್ಕಳ ಮೇಲೂ ಇದ್ದಿದ್ರೆ ನಿಮ್ಮ ಪ್ರಶ್ನೆಯೇ ಬರ್ತಿರಲಿಲ್ಲ.

ಈಗ ಮಗನ ವಿಚಾರ. ನಾನು ಐದನೇ ಕ್ಲಾಸಿನಲ್ಲಿ ಮೂರು ಗಾಜಿನ ಬಾಟಲಿಗಳನ್ನ ಮುಚ್ಚಳದ ಸುತ್ತ ಟೇಪ್ ಸುತ್ತಿ ಮೇಜಿನ ಮೇಲೆ ಇಡ್ತೀನಿ. ಒಂದರಲ್ಲಿ ಮೈದಾ, ಇನ್ನೊಂದರಲ್ಲಿ ಸುಣ್ಣದ ಪುಡಿ, ಮತ್ತೊಂದರಲ್ಲಿ ಹುಳುಗಳ ಮೇಲೆ ಎರಚೋ ಸೋಂಕುನಿವಾರಕ ಪುಡಿ. ಮೂರೂ ಬೆಳ್ಳಗೆ. ಯಾವುದು ತಿನ್ನೋದು ಹೇಳಿ ಅಂದ್ರೆ ಹುಳು ಮನೇಲೇ ಬೆಳೆದ ಮಕ್ಕಳೂ ತಡಬಡಾಯಿಸ್ತಾರೆ. ಒಬ್ಬ ಮಾತ್ರ ಎದ್ದು ನಿಂತು, "ಮಿಸ್, ಚೂರು ನೆಕ್ಕಿ ನೋಡಿದ್ರೆ ಗೊತ್ತಾಗುತ್ತೆ" ಅಂದ. ನನಗೆ ಬೇಕಾಗಿದ್ದು ಅದೇ ಉತ್ತರ, ಪಾಠ ಅಲ್ಲಿಂದಲೇ ಶುರು. ಕಣ್ಣಿಂದ ಗುರುತಿಸೋಕೆ ಆಗಲ್ಲ, ಮೂಗು ನಾಲಿಗೆಯಿಂದ ಗುರುತಿಸೋಕೆ ಹೋಗಬಾರದು, ಗೊತ್ತಿಲ್ಲ ಅಂದ್ರೆ ಮುಟ್ಟದೆ ದೊಡ್ಡವರನ್ನ ಕೇಳಬೇಕು. ಆಮೇಲೆ ಒಂದರಂತೆಯೇ ಕಾಣೋ ಜೋಡಿಗಳನ್ನ ಬೋರ್ಡಿನ ಮೇಲೆ ಅವರ ಕೈಲೇ ಬರೆಸ್ತೀನಿ. ನೀರಿಗೆ ಹಾಕಿದ ಬಿಳಿ ಫಿನೈಲ್, ಹಾಲು. ನುಸಿ ಗುಳಿಗೆ, ಪೆಪ್ಪರ್‌ಮೆಂಟು. ಇಲಿ ಪೇಸ್ಟು, ಹಲ್ಲುಜ್ಜೋ ಪೇಸ್ಟು. ಮನೇಲಿ ನಿಮ್ಮ ಮಗನ ಜೊತೆ ಕೂತು ನೀವೂ ಇದನ್ನ ಮಾಡಬಹುದು. ನಿಮ್ಮ ಮನೆಯ ಪಟ್ಟಿ ನನ್ನದಕ್ಕಿಂತ ಉದ್ದ ಆಗುತ್ತೆ ನೋಡಿ.

ಆದ್ರೆ ಇಷ್ಟೆಲ್ಲ ಕಲಿಸಿದ್ದು ದೊಡ್ಡವರ ಒಂದು ಚಾಳಿಯಿಂದ ನೀರಲ್ಲಿ ಹೋಮ. ಅಂಗಡಿಯಿಂದ ಅರ್ಧ ಲೀಟರ್ ಔಷಧಿ ತಂದು, ಪಕ್ಕದ ತೋಟದವರು ಕೇಳಿದ್ರು ಅಂತ ಅದರಲ್ಲಿ ಚೂರು ಕ್ವಾರ್ಟರ್ ಬಾಟಲಿಗೆ ಬಗ್ಗಿಸಿ ಕೊಡೋದು ನಮ್ಮ ಕಡೆ ಕಾಫಿಪುಡಿ ಸಾಲ ಕೊಟ್ಟಷ್ಟೇ ಸಲೀಸು. ಟಾಯ್ಲೆಟ್ ಆಸಿಡ್ ನೀರಿನ ಬಾಟಲಿಯಲ್ಲಿ, ಸೀಮೆಎಣ್ಣೆ ಜ್ಯೂಸ್ ಬಾಟಲಿಯಲ್ಲಿ. ಮಗು ಲೇಬಲ್ ಓದೋದು ಕಲಿತರೂ ಅಲ್ಲಿ ಲೇಬಲ್ಲೇ ಇರಲ್ಲ. ಉಲ್ಟಾ ಮಾಡೋದೂ, ಅಂದ್ರೆ ಔಷಧಿ ಡಬ್ಬಿಯಲ್ಲಿ ತಿನ್ನೋ ಸಾಮಾನು ಇಡೋದೂ, ಅಷ್ಟೇ ಕೆಟ್ಟದ್ದು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಅನ್ನೋ ಕೀಟನಾಶಕ ಸಿಕ್ತು. ಬಿಸಿಯೂಟದ ಎಣ್ಣೆ ಡಬ್ಬಿ ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತೆ. ಖಾಲಿ ಔಷಧಿ ಕ್ಯಾನ್ ತೊಳೆದು ಬಚ್ಚಲಿಗೆ ನೀರು ಹಿಡಿಯೋಕೆ ಇಟ್ಟುಕೊಂಡಿದ್ರೆ ಇವತ್ತೇ ತೂತು ಮಾಡಿಸಿ.

ಮೂಲ ಡಬ್ಬಿಯಲ್ಲೇ ಇದ್ರೆ ಮಗನಿಗೆ ಲೇಬಲ್ ತೋರಿಸಿ. ನಮ್ಮಲ್ಲೂ ಅದೇ 1971ರಲ್ಲಿ ಬಂದ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಡಬ್ಬಿ ಮೇಲೆ ಮೂಲೆ ಮೇಲೆ ನಿಲ್ಲಿಸಿದ ಒಂದು ಚೌಕ ಇರಬೇಕು. ಅದರ ಕೆಳಗಿನ ತ್ರಿಕೋನದ ಬಣ್ಣ ಕೆಂಪಾದ್ರೆ ಅತ್ಯಂತ ಘೋರ ವಿಷ, ಮೇಲೆ ತಲೆಬುರುಡೆ ಮೂಳೆ ಚಿತ್ರ ಇರುತ್ತೆ. ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. ಮಕ್ಕಳಿಗೆ ಇದು ಬಲು ಬೇಗ ಬಾಯಿಪಾಠ ಆಗುತ್ತೆ, ಅಂಗಡಿ ಮುಂದೆ ನಿಂತು ಬಣ್ಣ ಹೇಳೋದೇ ಆಟ. ಒಂದು ಎಚ್ಚರಿಕೆ ಮಾತ್ರ ಸೇರಿಸಿ, ಹಸಿರು ಅಂದ್ರೆ ಪರವಾಗಿಲ್ಲ ಅಂತಲ್ಲ. ಪ್ಯಾರಾಕ್ವಾಟ್ ಅನ್ನೋ ಕಳೆ ಔಷಧಿಗೆ ಇರೋದು ಕೆಂಪಲ್ಲ, ಹಳದಿ ಗುರುತು, ಆದ್ರೂ ಅದು ಹೊಟ್ಟೆಗೆ ಹೋದ್ರೆ ಪ್ರತಿವಿಷವೇ ಇಲ್ಲ. ಮನೆಯೊಳಗಿನ ಫಿನೈಲಿಗೂ ಆಸಿಡ್ಡಿಗೂ ಈ ಬಣ್ಣದ ಲೆಕ್ಕ ಅನ್ವಯಿಸಲ್ಲ.

ಏನಾದ್ರೂ ಆಗಿಬಿಟ್ಟರೆ ಓಡಿ ಬಂದು ಹೇಳೋ ಧೈರ್ಯ ಮಗನಿಗೆ ಇರಬೇಕು. ಬೈತಾರೆ ಅಂತ ಮುಚ್ಚಿಟ್ಟರೆ ಹೊತ್ತು ಹೋಗುತ್ತೆ. "ತಂಗಿ ಏನೋ ಕುಡಿದ್ಲು ಅಂತ ಹೇಳಿದ್ರೆ ನಿನಗೆ ಬೈಯಲ್ಲ" ಅಂತ ಈಗಲೇ ಮಾತು ಕೊಡಿ, ಕೊಟ್ಟ ಮೇಲೆ ಉಳಿಸಿಕೊಳ್ಳಿ. ಅಂಥ ಹೊತ್ತಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಅತ್ತೆಯವರು ಮುಂದಾದ್ರೆ ತಡೀರಿ. ಆಸಿಡ್ ಆಗಿದ್ರೆ ಗಂಟಲು ಎರಡನೇ ಸಲ ಸುಡುತ್ತೆ, ಸೀಮೆಎಣ್ಣೆ ಆಗಿದ್ರೆ ಶ್ವಾಸಕೋಶಕ್ಕೆ ಇಳಿಯುತ್ತೆ. ಮೈಮೇಲೆ ಚೆಲ್ಲಿದ್ರೆ ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ತೊಳೀರಿ. 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117 ಹಗಲೂ ರಾತ್ರಿ ಇರುತ್ತೆ, ಫ್ರಿಜ್ ಮೇಲೆ ಬರೆದಿಡಿ.

ಇಲಿ ಪೇಸ್ಟಿನ ಬಗ್ಗೆ ಮಾತ್ರ ಬಿಡಿಯಾಗಿ ಹೇಳಬೇಕು. ಕೆಲವು ಪೇಸ್ಟ್‌ಗಳಲ್ಲಿ ಹಳದಿ ರಂಜಕ, ಅಂದ್ರೆ ಯೆಲ್ಲೋ ಫಾಸ್ಫರಸ್ ಇರುತ್ತೆ. ತಿಂದ ಮಗು ಒಂದಷ್ಟು ವಾಂತಿ ಮಾಡಿ ಆಮೇಲೆ ಒಂದೆರಡು ದಿನ ಏನೂ ಆಗದ ಹಾಗೆ ಆಡಿಕೊಂಡಿರುತ್ತೆ, ನಂತರ ಲಿವರ್ ಕೈಕೊಡೋಕೆ ಶುರುವಾಗುತ್ತೆ. ಚೆನ್ನಾಗೇ ಇದಾಳಲ್ಲ ಅಂತ ಆಸ್ಪತ್ರೆಯಿಂದ ಬೇಗ ಕರ್ಕೊಂಡು ಬರಬೇಡಿ, ಡಾಕ್ಟರು ರಕ್ತ ಪರೀಕ್ಷೆ ಮಾಡಿ ಸಾಕು ಅನ್ನೋವರೆಗೂ ಅಲ್ಲೇ ಇರಿ.